ಕೆರಳುವ ಕರುಳು

ಸಂಕಟದ ಸುದ್ದಿಯನ್ನು ಕೇಳಿದವರು 'ಕರುಳು ಕಿವುಚಿದಂತಾಯಿತು' ಎನ್ನುತ್ತಾರೆ. ನೆರೆಯವನ ಏಳಿಗೆಯನ್ನು ಸಹಿಸದವನಿಗೆ ಹೊಟ್ಟೆಯುರಿ. ದೂರದಲ್ಲಿರುವ ಮಗನನ್ನು ನೆನೆದು ತಾಯಿಯ ಕರುಳು ಮಿಡಿಯುತ್ತದೆ. ಮನಸ್ಸಿನ ಭಾವಗಳಿಗೆ ಹೊಟ್ಟೆಯಲ್ಲಿ ನೆಲೆ ಕೊಟ್ಟ ನಮ್ಮ ಹಿರಿಯರ ಮಾತು ಬರಿಯ ಅಲಂಕಾರವಲ್ಲವೆಂಬುದು ನನಗೆ ತಿಳಿದದ್ದು ತಡವಾಗಿ. ಅದೂ ಒಬ್ಬ ವಿದ್ಯಾರ್ಥಿಯಿಂದ.

ನಾನು ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ದಿನವೂ ಮೊದಲನೆಯ ಅವಧಿಯಲ್ಲಿಯೇ ಎದ್ದು ನಿಂತು, 'ಸಾರ್, ಹೊರಗೆ ಹೋಗಿ ಬರಲೇ?' ಎಂದು ಕೇಳುತ್ತಿದ್ದ. ಪರೀಕ್ಷೆಯ ದಿನಗಳಲ್ಲಂತೂ ಎರಡು ಮೂರು ಸಲ. ಪಾಠ ತಪ್ಪಿಸುವ ಉಪಾಯವಿದು ಎಂದು ನಾನು ತೀರ್ಮಾನಿಸಿದೆ. ಒಮ್ಮೆ ಎಲ್ಲರ ಎದುರಿಗೆ, 'ನಿನ್ನ ಹೊಟ್ಟೆಗೆ ನನ್ನ ವೇಳಾಪಟ್ಟಿ ಚೆನ್ನಾಗಿ ಗೊತ್ತು' ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವನು ತಲೆ ತಗ್ಗಿಸಿ ಕುಳಿತ.

ಕೆಲವು ದಿನಗಳ ಬಳಿಕ ಅವನ ತಾಯಿ ಶಾಲೆಗೆ ಬಂದರು. ಅಂದಿನಿಂದ ಅವನು ಬೆಳಗಿನ ತಿಂಡಿಯನ್ನೇ ಬಿಟ್ಟಿದ್ದನಂತೆ. ಹಂಪಿಯ ಪ್ರವಾಸಕ್ಕೆ ಕಟ್ಟಿದ್ದ ಹಣವನ್ನು ಹಿಂದಕ್ಕೆ ಪಡೆದದ್ದೂ ಬಸ್ಸಿನ ಭಯದಿಂದಲೇ. ರಕ್ತ, ಮಲಗಳ ಪರೀಕ್ಷೆಯಲ್ಲಿ ಯಾವ ದೋಷವೂ ಕಂಡಿರಲಿಲ್ಲ. ವೈದ್ಯರು ಅವನ ಬೇನೆಯನ್ನು 'ಇರಿಟಬಲ್ ಬವೆಲ್ ಸಿಂಡ್ರೋಮ್' ಎಂದು ಕರೆದಿದ್ದರು. ಕೆರಳುವ ಕರುಳಿನ ಬೇನೆ ಎಂದರೆ ನಮಗೆ ಅರ್ಥವಾದೀತು.

ನಮ್ಮ ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್. ದೊಡ್ಡ ಕರುಳಿನದು ಸುಮಾರು ಒಂದೂವರೆ ಮೀಟರ್. ಅದರ ಗೋಡೆಯ ಸ್ನಾಯುಗಳು ಅಲೆಯಲೆಯಾಗಿ ಕುಗ್ಗಿ ಹಿಗ್ಗಿ ಆಹಾರವನ್ನು ಮುಂದಕ್ಕೆ ತಳ್ಳುತ್ತವೆ. ಈ ಬೇನೆಯಲ್ಲಿ ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ. ಕೆಡುವುದು ಅಲೆಯ ಲಯ. ಲಯ ತೀವ್ರವಾದರೆ ಭೇದಿ, ನಿಧಾನವಾದರೆ ಮಲಬದ್ಧತೆ. ಕೆಲವರಿಗೆ ಎರಡೂ ಸರದಿಯಂತೆ. ಇತರರ ಗಮನಕ್ಕೇ ಬಾರದಷ್ಟು ವಾಯು ಇವರ ಹೊಟ್ಟೆಯಲ್ಲಿ ನೋವಾಗಿ ಪರಿಣಮಿಸುತ್ತದೆ. ಯಂತ್ರಕ್ಕೆ ಕಾಣದ ಇದನ್ನು ವೈದ್ಯರು ಬಹುಮಟ್ಟಿಗೆ ರೋಗಿಯ ಮಾತನ್ನು ಕೇಳಿಯೇ ಗುರುತಿಸಬೇಕು. ನಾನು ಕೇಳಿರಲಿಲ್ಲ.

ಕರುಳಿನ ಗೋಡೆಯಲ್ಲಿ 10 ಕೋಟಿಗೂ ಮಿಕ್ಕ ನರಕೋಶಗಳಿವೆ. ಅವುಗಳಿಗೂ ಮಿದುಳಿಗೂ ಸದಾ ಸಂದೇಶಗಳ ಓಡಾಟ. ಭಾವನೆ ಜೀರ್ಣಾಂಗವನ್ನು ಮುಟ್ಟುವುದನ್ನು ಕಣ್ಣಾರೆ ಕಂಡವರಲ್ಲಿ ಅಮೆರಿಕದ ಸೇನಾವೈದ್ಯ ವಿಲಿಯಂ ಬ್ಯೂಮಾಂಟ್ ಒಬ್ಬರು. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡು ತಗುಲಿತು. ಅವನು ಬದುಕಿದರೂ ಜಠರಕ್ಕಾದ ರಂಧ್ರ ಮುಚ್ಚಿಕೊಳ್ಳಲಿಲ್ಲ. ಆ ಕಿಂಡಿಯ ಮೂಲಕ ಬ್ಯೂಮಾಂಟ್ ವರ್ಷಗಟ್ಟಲೆ ಇಣುಕಿ ನೋಡಿದರು. ಯುವಕನಿಗೆ ಸಿಟ್ಟು ಬಂದಾಗ ಜೀರ್ಣಕ್ರಿಯೆ ವ್ಯತ್ಯಾಸಗೊಳ್ಳುವುದನ್ನು ಗುರುತಿಸಿದರು. 1833ರಲ್ಲಿ ಅವರ ಗ್ರಂಥ ಪ್ರಕಟವಾಯಿತು.

ಹಾಗೆಂದು ಈ ಬೇನೆ ಮನಸ್ಸಿನ ಕಲ್ಪನೆಯಲ್ಲ. ಕರುಳಿನ ಸೋಂಕು ವಾಸಿಯಾದ ಮೇಲೆಯೂ ಇದು ಕೆಲವರಲ್ಲಿ ತಲೆದೋರುತ್ತದೆ. ಭಯದಿಂದ ಕರುಳು ಕೆರಳುತ್ತದೆ. ಕೆರಳಿದ ಕರುಳು ಭಯವನ್ನು ಹೆಚ್ಚಿಸುತ್ತದೆ.

ಜ್ವರ ಬಂದವನು ಅದನ್ನು ನಾಲ್ವರ ಮುಂದೆ ಹೇಳಿಕೊಳ್ಳಬಹುದು, ನಾಲ್ವರೂ ಮರುಗುತ್ತಾರೆ. ಈ ಬೇನೆಯನ್ನು ಹೇಳಿಕೊಳ್ಳಲು ನಾಲಗೆ ಏಳದು. ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕುಳಿತು ಮಜ್ಜಿಗೆ ಅನ್ನವನ್ನಷ್ಟೇ ಉಂಡೆದ್ದರೆ, 'ನಮ್ಮ ಅಡುಗೆ ರುಚಿಸಲಿಲ್ಲವೇ?' ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಹೊಸ ಊರಿಗೆ ಹೋದವನ ಕಣ್ಣು ಗುಡಿ ಗೋಪುರಗಳಿಗಿಂತ ಮೊದಲು ಶೌಚಾಲಯವನ್ನು ಅರಸುತ್ತದೆ. ನಮ್ಮ ಎಷ್ಟೋ ನಿಲ್ದಾಣಗಳಲ್ಲಿ ಅದಕ್ಕೆ ಬೀಗ. ಹೆಣ್ಣುಮಕ್ಕಳ ಪಾಡನ್ನು ಕೇಳುವುದೇ ಬೇಡ. ಹೀಗೆ ಒಂದೊಂದಾಗಿ ಪ್ರಯಾಣ, ಆಟ, ಗೆಳೆಯರ ಮನೆ ಎಲ್ಲವೂ ಬಿಟ್ಟುಹೋಗುತ್ತವೆ.

ಇದಕ್ಕೆ ಎಲ್ಲರಿಗೂ ಒಗ್ಗುವ ಒಂದೇ ಮದ್ದಿಲ್ಲ. ಒಬ್ಬರಿಗೆ ಈರುಳ್ಳಿ, ಬೆಳ್ಳುಳ್ಳಿ ಆಗದು. ಇನ್ನೊಬ್ಬರಿಗೆ ಹಾಲು ಆಗದು. ಉಂಡದ್ದನ್ನೂ ಆದ ತೊಂದರೆಯನ್ನೂ ಬರೆದಿಟ್ಟುಕೊಂಡರೆ ಇದು ಗೊತ್ತಾಗುತ್ತದೆ. ಇಸಬ್‌ಗೋಲ್, ನಡಿಗೆ, ನಿದ್ದೆ, ವೈದ್ಯರು ಕೊಡುವ ಔಷಧಿ ಹಲವರಿಗೆ ನೆರವಾಗುತ್ತವೆ. ಈ ಬೇನೆ ಕ್ಯಾನ್ಸರಿಗೆ ತಿರುಗುವುದಿಲ್ಲ. ಆದರೆ ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಆ ಹುಡುಗನನ್ನು ನಾನು ಬಾಗಿಲ ಬಳಿಯ ಬೆಂಚಿನಲ್ಲಿ ಕುಳ್ಳಿರಿಸಿ, ಕೇಳದೆಯೇ ಎದ್ದು ಹೋಗಬಹುದೆಂದು ಹೇಳಿದೆ. ಮೊದಲ ವಾರ ಹಲವು ಸಲ ಹೋದ. ಆಮೇಲೆ ಕೆಲವು ದಿನ ಹೋಗಲೇ ಇಲ್ಲ. ಬೇನೆಯೇನೂ ಪೂರ್ತಿ ಬಿಟ್ಟಿರಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಎರಡು ಬಾರಿ ಎದ್ದು ಹೋಗಿ ಬಂದು, ಉತ್ತರ ಪತ್ರಿಕೆಯನ್ನು ಮುಗಿಸಿಯೇ ಕೊಟ್ಟ. ಅಂದು ನಾನಾಡಿದ ಮಾತು ತಪ್ಪೆಂದು ಅವನಿಗೆ ಹೇಳಲು ನನಗೆ ಅಲ್ಲಿಯವರೆಗೂ ಬಾಯಿ ಬಂದಿರಲಿಲ್ಲ. ಆ ಸಂಜೆ ಹೇಳಿದೆ.