ಎ.ಬಿ.ಎಸ್. ದೀಪ ಹತ್ತಿಕೊಂಡಾಗ: ಗಾಲಿಯ ಸೆನ್ಸರ್ ಪರೀಕ್ಷೆ ಮತ್ತು ದುರಸ್ತಿ



ಗೊಬ್ಬರ ತರುವುದಕ್ಕೆ, ಕಾಫಿ ಮತ್ತು ಅಡಿಕೆಯ ಮೂಟೆ ಸಾಗಿಸುವುದಕ್ಕೆ, ಆಸ್ಪತ್ರೆ-ಶಾಲೆಗಳ ಓಡಾಟಕ್ಕೆ ಇಂದು ವಾಹನವೇ ನಮಗೆ ಆಧಾರ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಕಾರುಗಳಿಗೂ 125 ಸಿ.ಸಿ. ಮೀರಿದ ಮೋಟಾರ್ ಸೈಕಲ್‌ಗಳಿಗೂ ಎ.ಬಿ.ಎಸ್. ಎಂಬ ಬ್ರೇಕ್ ವ್ಯವಸ್ಥೆ ಕಡ್ಡಾಯವಾಗಿದೆ. ಇದರ ಹಳದಿ ದೀಪ ಹತ್ತಿಕೊಂಡು ಆರದೇ ಇದ್ದಾಗ ಕೆಲವರು ಗಾಬರಿಯಿಂದ ಕೇಳಿದಷ್ಟು ಹಣ ತೆರುತ್ತಾರೆ. ಇನ್ನು ಕೆಲವರು ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿ ಸುಮ್ಮನಾಗುತ್ತಾರೆ. ಎರಡೂ ತರವಲ್ಲ. ಮೊದಲು ಪರೀಕ್ಷೆ, ಆಮೇಲೆ ಖರ್ಚು ಎಂಬುದೇ ಸರಿಯಾದ ಕ್ರಮ.

ಕೆಲಸ ಮಾಡುವ ಬಗೆ

ಪ್ರತಿ ಗಾಲಿಯ ಬಳಿ ಹಲ್ಲುಗಳುಳ್ಳ ಒಂದು ಉಕ್ಕಿನ ಬಳೆ, ಇಲ್ಲವೇ ಬೇರಿಂಗ್‌ನಲ್ಲೇ ಸೇರಿದ ಕಾಂತದ ಬಳೆ ತಿರುಗುತ್ತಿರುತ್ತದೆ. ಅದಕ್ಕೆ ಎದುರಾಗಿ, ಸುಮಾರು 1 ಮಿಲಿಮೀಟರ್ ಸಂದು ಬಿಟ್ಟು, ಬೆರಳಿನ ಗಾತ್ರದ ಸೆನ್ಸರ್ ಕುಳಿತಿರುತ್ತದೆ. ಗಾಲಿಯ ವೇಗವನ್ನು ಅದು ನಿಯಂತ್ರಣ ಪೆಟ್ಟಿಗೆಗೆ ತಿಳಿಸುತ್ತದೆ. ಬ್ರೇಕ್ ಒತ್ತಿದಾಗ ಒಂದು ಗಾಲಿ ಬಿಗಿದು ನಿಲ್ಲುವ ಸೂಚನೆ ಕಂಡರೆ, ಪೆಟ್ಟಿಗೆಯು ಆ ಗಾಲಿಯ ಬ್ರೇಕನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಹಿಡಿಯುತ್ತದೆ. ಒಂದು ಸೆನ್ಸರ್ ಸುಳ್ಳು ಹೇಳಿದರೂ ಇಡೀ ವ್ಯವಸ್ಥೆ ತಾನಾಗಿ ಹಿಂದೆ ಸರಿದು ದೀಪ ತೋರಿಸುತ್ತದೆ.

ಆಗಲೂ ಸಾಧಾರಣ ಬ್ರೇಕ್ ಇರುತ್ತದೆ. ಆದರೆ ಮಳೆಗಾಲದಲ್ಲಿ ಚಾರ್ಮಾಡಿ, ಶಿರಾಡಿ ಅಥವಾ ಆಗುಂಬೆ ಘಾಟಿ ಇಳಿಯುವಾಗ ಜೋರಾಗಿ ಬ್ರೇಕ್ ಒತ್ತಿದರೆ ಮುಂದಿನ ಗಾಲಿಗಳು ಬಿಗಿದು ಜಾರಬಹುದು. ಜಾರುವ ಗಾಲಿಗೆ ಸ್ಟೇರಿಂಗ್ ತಿರುಗಿಸಿ ಪ್ರಯೋಜನವಿಲ್ಲ. ಹಳದಿ ದೀಪದ ಜೊತೆ ಕೆಂಪು ಬ್ರೇಕ್ ದೀಪವೂ ಹತ್ತಿದ್ದರೆ ವಾಹನ ಓಡಿಸಕೂಡದು.

ಒಂದು ಉದಾಹರಣೆ

ನಮ್ಮ ಸದಸ್ಯರೊಬ್ಬರು ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ಹಳೆಯ ಜೀಪೊಂದನ್ನು ಕೊಂಡು ತಂದರು. ಅದು ಸಿರುಗುಪ್ಪ, ಕುರುಗೋಡು ಕಡೆಯ ಧೂಳಿನ ದಾರಿಗಳಲ್ಲಿ ಓಡಿದ್ದ ವಾಹನ. ಮಲೆನಾಡಿನ ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ದೀಪ ಹತ್ತಿತು. ನಾಲ್ಕೂ ಸೆನ್ಸರ್ ಬದಲಿಸಬೇಕೆಂಬ ಸಲಹೆ ಒಂದು ಕಡೆ ಬಂತು. ಬಿಚ್ಚಿ ನೋಡಿದರೆ ಮುಂದಿನ ಎಡ ಗಾಲಿಯಲ್ಲಿ ಮೆತ್ತಿದ್ದ ಧೂಳು ಕೆಸರಾಗಿ, ನೀರು ಹಿಡಿದು, ಸೆನ್ಸರ್ ಕೂರುವ ಜಾಗಕ್ಕೆ ತುಕ್ಕು ಬಂದಿತ್ತು. ಉಬ್ಬಿದ ತುಕ್ಕು ಸೆನ್ಸರನ್ನು ಮೇಲೆತ್ತಿ ಸಂದನ್ನು ಹೆಚ್ಚಿಸಿತ್ತು. ಶುಚಿ ಮಾಡಿದ ಮೇಲೆ ಅದೇ ಸೆನ್ಸರ್ ಕೆಲಸ ಮಾಡಿತು.

ಪರೀಕ್ಷೆಯ ಕ್ರಮ

1. ಮೊದಲು ಬ್ರೇಕ್ ಎಣ್ಣೆಯ ಮಟ್ಟ, ಬ್ಯಾಟರಿ ಮತ್ತು ಎ.ಬಿ.ಎಸ್. ಫ್ಯೂಸ್ ನೋಡತಕ್ಕದ್ದು. ಬ್ಯಾಟರಿ ಸೋತಿದ್ದರೂ ಈ ದೀಪ ಹತ್ತುವುದುಂಟು.

2. ಯಾವ ಗಾಲಿಯೆಂದು ತಿಳಿಯಲು ಡ್ಯಾಶ್‌ಬೋರ್ಡಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಕೋಡ್ ರೀಡರ್ ಹಾಕಿರಿ. ಅಗ್ಗದ ರೀಡರ್‌ಗಳು ಇಂಜಿನ್ ಮಾತ್ರ ಓದುತ್ತವೆ, ಎ.ಬಿ.ಎಸ್. ಓದುವುದನ್ನೇ ಕೊಳ್ಳಬೇಕು. ಸಾಮಾನ್ಯ ಕೋಡ್‌ಗಳಲ್ಲಿ ಸಿ0035 ಎಂದರೆ ಮುಂದಿನ ಎಡ, ಸಿ0040 ಮುಂದಿನ ಬಲ, ಸಿ0045 ಹಿಂದಿನ ಎಡ, ಸಿ0050 ಹಿಂದಿನ ಬಲ. ನಿಧಾನವಾಗಿ ಓಡಿಸುತ್ತಾ ಪಕ್ಕದಲ್ಲಿ ಕುಳಿತವರು ನಾಲ್ಕು ಗಾಲಿಗಳ ವೇಗ ಗಮನಿಸಲಿ. ಮೂರು ಗಾಲಿ 20 ಕಿ.ಮೀ. ತೋರಿಸುವಾಗ ನಾಲ್ಕನೆಯದು ಸೊನ್ನೆ ತೋರಿಸಿದರೆ ದೋಷ ಅಲ್ಲಿಯೇ ಇದೆ.

3. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎತ್ತದ ಗಾಲಿಗಳಿಗೆ ಎರಡೂ ಕಡೆ ಮರದ ತುಂಡು ಅಡ್ಡ ಕೊಟ್ಟು, ಜಾಕ್ ಏರಿಸಿರಿ. ಜಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಕೂಡದು. ಗಟ್ಟಿ ಸ್ಟ್ಯಾಂಡ್ ಇಡಲೇಬೇಕು. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಗಾಲಿಗಳನ್ನು ಹಿಡಿಯುವುದರಿಂದ, ಹಿಂಭಾಗ ಎತ್ತಿದಾಗ ಅದರ ಆಸರೆ ಸಾಲದು.

4. ಗಾಲಿ ಕಳಚಿ ತಂತಿಯ ಉದ್ದಕ್ಕೂ ನೋಡಿರಿ. ಸ್ಟೇರಿಂಗ್ ತಿರುಗಿದಾಗ ಬಾಗುವ ಜಾಗದಲ್ಲಿ ಒಳಗಿನ ಎಳೆ ತುಂಡಾಗಿರಬಹುದು. ಇಲಿ ಕಡಿದಿರಬಹುದು. ಕನೆಕ್ಟರ್ ಒಳಗೆ ಹಸಿರು ಕಿಲುಬು ಕಟ್ಟಿರಬಹುದು.

5. ಹಳೆಯ ಬಗೆಯ, ಬರೀ ತಂತಿ ಸುರುಳಿಯ ಸೆನ್ಸರ್ ಆದರೆ ಮಲ್ಟಿಮೀಟರಿನಲ್ಲಿ ಸಾಮಾನ್ಯವಾಗಿ 800ರಿಂದ 2000 ಓಮ್ ತೋರಿಸುತ್ತದೆ. ಅದೇ ಅಕ್ಷದ ಇನ್ನೊಂದು ಸೆನ್ಸರಿಗೆ ಹೋಲಿಸಿ ನೋಡುವುದು ಉತ್ತಮ. ಹೊಸ ಬಗೆಯವು ವಿದ್ಯುತ್ ಪಡೆದು ಕೆಲಸ ಮಾಡುತ್ತವೆ. ಇವುಗಳಿಗೆ ಓಮ್ ಅಳತೆ ಹಿಡಿದರೆ ಹಾಳಾಗಬಹುದು. ಕನೆಕ್ಟರ್ ಬಿಚ್ಚಿ, ಕೀಲಿ ತಿರುಗಿಸಿ, ವಾಹನದ ಕಡೆಯ ತಂತಿಯಲ್ಲಿ ವೋಲ್ಟೇಜ್ ಬರುತ್ತಿದೆಯೇ ಎಂದು ಮಾತ್ರ ನೋಡಿರಿ. ಯಾವ ಬಗೆಯೆಂದು ತಿಳಿಯದಿದ್ದರೆ ಹೊಸದೆಂದೇ ಭಾವಿಸಿರಿ.

ದುರಸ್ತಿ

ಸೆನ್ಸರಿನ ಬೋಲ್ಟ್ ಬಿಚ್ಚಿ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಸ್ವಲ್ಪ ಕಾಯಿರಿ. ಎಣ್ಣೆ ಬ್ರೇಕ್ ಡಿಸ್ಕಿಗೆ ತಾಗಕೂಡದು. ಅತ್ತಿತ್ತ ತಿರುಗಿಸುತ್ತಾ ಎಳೆಯಬೇಕೇ ಹೊರತು ಸುತ್ತಿಗೆಯಿಂದ ಬಡಿಯಬಾರದು. ತುದಿಗೆ ಅಂಟಿದ ಕಬ್ಬಿಣದ ಪುಡಿಯನ್ನು ಬಟ್ಟೆಯಿಂದ ಒರೆಸಿರಿ. ಕೂರುವ ಜಾಗದ ತುಕ್ಕನ್ನು ನಯವಾದ ಎಮರಿ ಕಾಗದದಿಂದ ತೆಗೆಯಿರಿ. ಉಕ್ಕಿನ ಬಳೆ ಬಿರುಕು ಬಿಟ್ಟಿದೆಯೇ ನೋಡಿರಿ: ನಿಲ್ಲುವ ಹೊತ್ತಿಗೆ ನಿಧಾನ ವೇಗದಲ್ಲೇ ಪೆಡಲ್ ಕಾರಣವಿಲ್ಲದೆ ಅದುರಿದರೆ ಬಳೆಯ ಬಿರುಕು ಅಥವಾ ಹೆಚ್ಚಿದ ಸಂದು ಕಾರಣವಿರಬಹುದು. ಕಾಂತದ ಬಳೆಯುಳ್ಳ ಬೇರಿಂಗ್ ಬಳಿ ಅಯಸ್ಕಾಂತ ತರಬಾರದು. ಅಂಥ ಬೇರಿಂಗನ್ನು ಹಿಂದುಮುಂದಾಗಿ ಕೂರಿಸಿದರೂ ದೀಪ ಹತ್ತುತ್ತದೆ.

ತುಂಡಾದ ತಂತಿಯನ್ನು ಬರೀ ಹೆಣೆದು ಟೇಪ್ ಸುತ್ತಿದರೆ ಒಂದು ಮಳೆಗೂ ಬಾಳದು. ಬಾಗುವ ಜಾಗದಲ್ಲಿ ತುಂಡಾಗಿದ್ದರೆ ತಂತಿ ಸಮೇತ ಹೊಸ ಸೆನ್ಸರ್ ಹಾಕುವುದೇ ಲೇಸು. ಕ್ಲಿಪ್ಪುಗಳನ್ನು ಮೊದಲಿದ್ದಲ್ಲೇ ಸಿಕ್ಕಿಸಿರಿ.

ಕೊನೆಗೆ ಕೋಡ್ ಅಳಿಸಿ, ಜನರಿಲ್ಲದ ಬಯಲಿನಲ್ಲಿ 30 ಕಿ.ಮೀ. ವೇಗದಿಂದ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡಿರಿ. ಸಡಿಲ ಜಲ್ಲಿಯ ಮೇಲೆ ಪೆಡಲ್ ಪಟಪಟನೆ ಮಿಡಿದರೆ ವ್ಯವಸ್ಥೆ ಕೆಲಸ ಮಾಡುತ್ತಿದೆಯೆಂದು ಅರ್ಥ. ದೀಪ ಮತ್ತೆ ಹತ್ತಿದರೆ, ಅಥವಾ ದೋಷ ಬ್ರೇಕ್ ಎಣ್ಣೆಯ ಪೈಪಿನಲ್ಲೋ ನಿಯಂತ್ರಣ ಪೆಟ್ಟಿಗೆಯಲ್ಲೋ ಇದ್ದರೆ, ಮನೆಯಲ್ಲಿ ಕೈ ಹಾಕದೆ ಅನುಭವಿ ಮೆಕ್ಯಾನಿಕರ ಬಳಿಗೆ ಒಯ್ಯತಕ್ಕದ್ದು.

ರೀಡರ್ ಮತ್ತು ಮಲ್ಟಿಮೀಟರನ್ನು ಪ್ರತಿ ಮನೆಯೂ ಕೊಳ್ಳಬೇಕಾಗಿಲ್ಲ. ನೆರೆಯ ಐದಾರು ಮನೆಯವರು ಕೂಡಿ ಒಂದು ಜೊತೆ ಇಟ್ಟುಕೊಂಡರೆ ಸಾಕು. ಮುಂಗಾರಿಗೆ ಮುನ್ನ ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳಲ್ಲೇ ಒಂದು ಬಿಡುವು ಮಾಡಿಕೊಂಡು ನಾಲ್ಕು ಗಾಲಿಗಳ ಸೆನ್ಸರನ್ನೂ ಒರೆಸಿ ನೋಡುವ ಪದ್ಧತಿ ಇಟ್ಟುಕೊಳ್ಳೋಣ.