ನಕ್ಷತ್ರವನ್ನು ಅಳೆದಾಕೆಗೆ ದೊರೆಯದ ಪೀಠ

ಸೂರ್ಯನು ಯಾವ ದ್ರವ್ಯದಿಂದ ಆಗಿದ್ದಾನೆ ಎಂಬ ಪ್ರಶ್ನೆಗೆ ಇಂದು ಪ್ರೌಢಶಾಲೆಯ ವಿದ್ಯಾರ್ಥಿಗಳೂ ತಡವರಿಸದೆ ಉತ್ತರ ಹೇಳಬಲ್ಲರು. ತೂಕದ ಲೆಕ್ಕದಲ್ಲಿ ಮುಕ್ಕಾಲು ಪಾಲು ಜಲಜನಕ, ಎಂದರೆ ಹೈಡ್ರೋಜನ್. ಉಳಿದ ಕಾಲು ಪಾಲಿನಲ್ಲಿ ಬಹುಮಟ್ಟಿಗೆ ಹೀಲಿಯಂ. ಕಬ್ಬಿಣ, ಕ್ಯಾಲ್ಸಿಯಂ, ಸೋಡಿಯಂ, ಸಿಲಿಕಾನ್ ಮೊದಲಾದವೆಲ್ಲ ಕೂಡಿದರೂ ನೂರಕ್ಕೆ ಎರಡು ಪಾಲನ್ನು ಮೀರುವುದಿಲ್ಲ. ಜಲಜನಕದ ಈ ಆಧಿಕ್ಯವನ್ನು ಮೊದಲು ಲೆಕ್ಕದಿಂದ ಕಂಡವರು ಇಪ್ಪತ್ತೈದರ ಒಬ್ಬ ತರುಣಿ, ಸಿಸಿಲಿಯಾ ಪೇನ್. ಅದು 1925ನೆಯ ಇಸವಿ. ಆಕೆ ದುಡಿದ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಆಕೆಗೆ ಪ್ರಾಧ್ಯಾಪಕ ಪದವಿಯನ್ನು ಕೊಟ್ಟದ್ದು 1956ರಲ್ಲಿ. ನಡುವಣ 31 ವರ್ಷಗಳಲ್ಲಿ ಏನು ನಡೆಯಿತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಹೇಳಬೇಕಾದ ವಿಷಯವೆಂದು ನನಗೆ ತೋರುತ್ತದೆ. ಉದ್ಯೋಗದಲ್ಲಿ ಹೆಂಗಸರು ಮೇಲೇರದಂತೆ ತಡೆಯುವ ಸಂಗತಿಗಳು ಯಾವುವು, ಅವು ಹೇಗೆ ಕೆಲಸಮಾಡುತ್ತವೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಭೌತವಿಜ್ಞಾನದ ಚರಿತ್ರೆಯಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ.

ಪೇನ್ ಹಾರ್ವರ್ಡಿಗೆ ಬರುವುದಕ್ಕೆ ಬಹಳ ಮೊದಲೇ ಅಲ್ಲಿನ ವೇಧಶಾಲೆಯಲ್ಲಿ ಹೆಂಗಸರಿದ್ದರು. 1877ರಲ್ಲಿ ನಿರ್ದೇಶಕರಾದ ಎಡ್ವರ್ಡ್ ಪಿಕರಿಂಗ್ ಅವರು ನಕ್ಷತ್ರಗಳ ಬೆಳಕನ್ನು ಅಶ್ರಗದ ಮೂಲಕ ಹಾಯಿಸಿ, ದೊರೆತ ರೋಹಿತಗಳನ್ನು ಗಾಜಿನ ಫಲಕಗಳ ಮೇಲೆ ಛಾಯಾಚಿತ್ರಗಳಾಗಿ ಸಂಗ್ರಹಿಸತೊಡಗಿದರು. ಅವನ್ನು ಅಳೆದು ಪಟ್ಟಿಮಾಡಲು ಹೆಂಗಸರನ್ನು ನೇಮಿಸಿಕೊಂಡರು. ಇವರಿಗೆ ‘ಕಂಪ್ಯೂಟರ್’ ಎಂದು ಹೆಸರು. ಆ ಪದಕ್ಕೆ ಆಗ ಲೆಕ್ಕಮಾಡುವ ಮನುಷ್ಯರು ಎಂದೇ ಅರ್ಥ. ಗಂಟೆಗೆ 25 ಸೆಂಟಿನ ಆಸುಪಾಸಿನಲ್ಲಿ ಕೊಡುತ್ತಿದ್ದುದನ್ನು ಸಂಬಳವೆನ್ನುವುದಕ್ಕಿಂತ ಕೂಲಿ ಎನ್ನುವುದೇ ಸರಿ. ಈ ಗುಂಪಿನ ಆ್ಯನಿ ಜಂಪ್ ಕ್ಯಾನನ್ ಸುಮಾರು ಮೂರೂವರೆ ಲಕ್ಷ ನಕ್ಷತ್ರಗಳ ರೋಹಿತಗಳನ್ನು ವರ್ಗೀಕರಿಸಿದರು. ಓ, ಬಿ, ಎ, ಎಫ್, ಜಿ, ಕೆ, ಎಂ ಎಂಬ ಕ್ರಮ ಆಕೆಯ ಕೈಯಲ್ಲಿ ನೆಲೆಗೊಂಡದ್ದು. ಹೆನ್ರಿಯೆಟಾ ಲೆವಿಟ್ ಎಂಬಾಕೆ ಮಿಡಿಯುವ ನಕ್ಷತ್ರಗಳ ಅವಧಿಗೂ ಪ್ರಭೆಗೂ ಇರುವ ಸಂಬಂಧವನ್ನು ಕಂಡುಹಿಡಿದರು. ದೂರದ ಗೆಲಾಕ್ಸಿಗಳನ್ನು ಅಳೆಯುವ ಗಜಕೋಲು ಸಿಕ್ಕಿದ್ದು ಹಾಗೆ. 1912ರಲ್ಲಿ ಅದು ಅಚ್ಚಾದಾಗ ಕೆಳಗಿದ್ದ ಸಹಿ ಪಿಕರಿಂಗರದು. ಲೇಖನವನ್ನು ಸಿದ್ಧಪಡಿಸಿದವರು ಮಿಸ್ ಲೆವಿಟ್ ಎಂಬ ಮಾತು ಒಳಗೆ ಇತ್ತು. ಕ್ಯಾನನ್ನರಿಗೆ ವಿಶ್ವವಿದ್ಯಾನಿಲಯದ ಆಡಳಿತಮಂಡಲಿ ಅಧಿಕೃತವಾದ ಹುದ್ದೆಯನ್ನು ಕೊಟ್ಟದ್ದು 1938ರಲ್ಲಿ, ಆಕೆಗೆ ಎಪ್ಪತ್ತು ದಾಟಿದ ಮೇಲೆ.

ಪಿಕರಿಂಗರನ್ನು ಇಲ್ಲಿ ಸುಮ್ಮನೆ ದೂರುವುದು ನ್ಯಾಯವಲ್ಲ. ಬಹುಪಾಲು ವೇಧಶಾಲೆಗಳು ಹೆಂಗಸರನ್ನು ಹೊಸಿಲೊಳಗೇ ಬಿಡದಿದ್ದ ಕಾಲದಲ್ಲಿ ಅವರು ಕೆಲಸ ಕೊಟ್ಟರು. ಆದರೆ ಕೆಲಸ ಕೊಡುವುದು ಬೇರೆ, ಏರುವುದಕ್ಕೆ ಮೆಟ್ಟಿಲು ಕೊಡುವುದು ಬೇರೆ. ಮನೆಯೊಳಕ್ಕೆ ಕರೆದು ಜಗಲಿಯ ಮೇಲೆಯೇ ಕೂರಿಸಿದಂತಾಯಿತು.

ಸಿಸಿಲಿಯಾ ಪೇನ್ ಹುಟ್ಟಿದ್ದು 1900ರಲ್ಲಿ, ಇಂಗ್ಲೆಂಡಿನಲ್ಲಿ. 1919ರಲ್ಲಿ ಕೇಂಬ್ರಿಜ್ಜಿನ ನ್ಯೂನ್‌ಹ್ಯಾಂ ಕಾಲೇಜನ್ನು ಸೇರಿದರು. ಆ ವರ್ಷದ ಸೂರ್ಯಗ್ರಹಣದಲ್ಲಿ ಐನ್‌ಸ್ಟೈನರ ಸಿದ್ಧಾಂತವನ್ನು ಪರೀಕ್ಷಿಸಿ ಬಂದ ಎಡಿಂಗ್ಟನ್ ಮಾಡಿದ ಉಪನ್ಯಾಸವನ್ನು ಕೇಳಿ, ಸಸ್ಯಶಾಸ್ತ್ರದತ್ತ ಇದ್ದ ಮನಸ್ಸನ್ನು ಭೌತವಿಜ್ಞಾನಕ್ಕೆ ತಿರುಗಿಸಿದರು. ರದರ್‌ಫೋರ್ಡರ ತರಗತಿಯಲ್ಲಿ ಆಕೆಯೊಬ್ಬರೇ ಹೆಂಗಸು. ಹೆಂಗಸರು ಮುಂದಿನ ಸಾಲಿನಲ್ಲಿಯೇ ಕೂರಬೇಕೆಂಬ ನಿಯಮವಿತ್ತು. ರದರ್‌ಫೋರ್ಡರು ಆಕೆಯತ್ತ ನೋಡಿ, ‘ಮಹಿಳೆಯರೇ’ ಎಂದು ಒತ್ತಿ ಸಂಬೋಧಿಸಿ ಪಾಠವನ್ನು ಆರಂಭಿಸುವರು. ಹಿಂದೆ ಕುಳಿತ ಹುಡುಗರು ಕಾಲು ಬಡಿದು ನಗುವರು. ಪರಮಾಣುವಿನ ಗರ್ಭವನ್ನೇ ಬಗೆದು ನೋಡಿದ ಮಹಾನುಭಾವರಿಗೆ ಎದುರಿಗಿದ್ದ ವಿದ್ಯಾರ್ಥಿನಿಯ ಮುಜುಗರ ಕಾಣದೆ ಹೋಯಿತು! ಓದು ಮುಗಿಯಿತು, ಪದವಿ ಮಾತ್ರ ಬರಲಿಲ್ಲ. ಕೇಂಬ್ರಿಜ್ ಹೆಂಗಸರಿಗೆ ಪೂರ್ಣ ಪದವಿಗಳನ್ನು ಕೊಡತೊಡಗಿದ್ದು 1948ರಲ್ಲಿ. ಇಂಗ್ಲೆಂಡಿನಲ್ಲಿದ್ದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗುವುದನ್ನು ಬಿಟ್ಟು ಬೇರೆ ದಾರಿಯಿಲ್ಲವೆಂದು ಕಂಡು, 1923ರಲ್ಲಿ ಒಂದು ವಿದ್ಯಾರ್ಥಿವೇತನವನ್ನು ನೆಚ್ಚಿಕೊಂಡು ಹಾರ್ವರ್ಡ್ ವೇಧಶಾಲೆಗೆ ಬಂದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಹಾರ್ಲೋ ಶೇಪ್ಲಿ.

ಇನ್ನು ಆಕೆ ಮಾಡಿದ ಕೆಲಸವೇನೆಂಬುದನ್ನು ನೋಡೋಣ. ಅದನ್ನು ತಿಳಿಯದೆ ಆಕೆಗಾದ ಅನ್ಯಾಯದ ಅಳತೆ ಸಿಕ್ಕುವುದಿಲ್ಲ. ಸೂರ್ಯನ ರೋಹಿತದಲ್ಲಿ ಸಾವಿರಾರು ಕಪ್ಪು ರೇಖೆಗಳಿವೆ. ಒಂದೊಂದು ಧಾತುವೂ ತನಗೆ ಮೀಸಲಾದ ಬಣ್ಣಗಳನ್ನು ಹೀರಿಕೊಳ್ಳುವುದರಿಂದ ಆ ರೇಖೆಗಳು ಉಂಟಾಗುತ್ತವೆ. ಕಬ್ಬಿಣದ ರೇಖೆಗಳು ಅಸಂಖ್ಯ. ಕ್ಯಾಲ್ಸಿಯಂ ರೇಖೆಗಳು ಎಲ್ಲಕ್ಕಿಂತ ದಪ್ಪ. ಆದುದರಿಂದ ಸೂರ್ಯನಲ್ಲಿಯೂ ಭೂಮಿಯಲ್ಲಿರುವ ಧಾತುಗಳೇ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿವೆ ಎಂದು ಪಂಡಿತರು ನಂಬಿದ್ದರು. ಈ ನಂಬಿಕೆಯ ಬುಡಕ್ಕೆ ಕೊಡಲಿ ಇಟ್ಟದ್ದು ನಮ್ಮ ಮೇಘನಾದ ಸಾಹಾ ಅವರು 1920ರಲ್ಲಿ ಪ್ರಕಟಿಸಿದ ಅಯಾನೀಕರಣ ಸಮೀಕರಣ. ಢಾಕಾ ಬಳಿಯ ಹಳ್ಳಿಯೊಂದರ ಬಡ ಅಂಗಡಿಕಾರನ ಮಗನಾದ ಸಾಹಾ, ಜಾತಿಯ ಕಾರಣದಿಂದ ಕಲ್ಕತ್ತೆಯ ವಿದ್ಯಾರ್ಥಿನಿಲಯದಲ್ಲಿ ತಾವೂ ಅವಮಾನವನ್ನು ಉಂಡವರು. ಅನಿಲದ ಉಷ್ಣತೆ ಮತ್ತು ಒತ್ತಡ ತಿಳಿದರೆ, ಒಂದು ಧಾತುವಿನ ಪರಮಾಣುಗಳಲ್ಲಿ ಎಷ್ಟು ಪಾಲು ಎಲೆಕ್ಟ್ರಾನನ್ನು ಕಳೆದುಕೊಂಡಿವೆ ಎಂಬುದನ್ನು ಅವರ ಸಮೀಕರಣ ಹೇಳುತ್ತದೆ. ಅಂದರೆ ರೇಖೆಯ ದಪ್ಪ ಧಾತುವಿನ ಪ್ರಮಾಣವೊಂದನ್ನೇ ಅವಲಂಬಿಸಿಲ್ಲ. ಆ ಪರಮಾಣುಗಳು ಯಾವ ಸ್ಥಿತಿಯಲ್ಲಿವೆ ಎಂಬುದನ್ನೂ ಅವಲಂಬಿಸಿದೆ.

ಕಾಲೇಜಿನ ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಜಲಜನಕವು ರೇಖೆ ಮೂಡಿಸಬೇಕಾದರೆ ಅದರ ಪರಮಾಣು ಎರಡನೆಯ ಶಕ್ತಿಮಟ್ಟದಲ್ಲಿರಬೇಕು. ತಳಮಟ್ಟದಿಂದ ಅಲ್ಲಿಗೆ ಏರಲು 10.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,800 ಕೆಲ್ವಿನ್. ಅಲ್ಲಿ ಪರಮಾಣುಗಳಿಗೆ ದೊರೆಯುವ ಉಷ್ಣಶಕ್ತಿಯ ಪ್ರಮಾಣ ಅರ್ಧ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಬೋಲ್ಟ್ಸ್‌ಮನ್ನರ ಸೂತ್ರವನ್ನು ಹಚ್ಚಿದರೆ, ಸುಮಾರು 18 ಕೋಟಿ ಪರಮಾಣುಗಳಲ್ಲಿ ಒಂದು ಮಾತ್ರ ಎರಡನೆಯ ಮಟ್ಟದಲ್ಲಿ ಸಿಕ್ಕುತ್ತದೆ. ಉಷ್ಣತೆ 10,000 ಕೆಲ್ವಿನ್‌ಗೆ ಏರಿದರೆ ಸುಮಾರು 35 ಸಾವಿರಕ್ಕೆ ಒಂದು ಸಿಕ್ಕುತ್ತದೆ. ಲುಬ್ಧಕದಂತಹ ಬಿಳಿಯ ನಕ್ಷತ್ರಗಳಲ್ಲಿ ಜಲಜನಕದ ರೇಖೆಗಳು ಎದ್ದು ಕಾಣುವುದು ಇದರಿಂದ. ಕ್ಯಾಲ್ಸಿಯಂ ಸಂಗತಿ ಬೇರೆ. ಸೂರ್ಯನ ಉಷ್ಣತೆಯಲ್ಲಿ ಅದರ ಪರಮಾಣುಗಳು ಬಹುಮಟ್ಟಿಗೆ ಒಂದು ಎಲೆಕ್ಟ್ರಾನನ್ನು ಕಳೆದುಕೊಂಡು ತಮ್ಮ ದಪ್ಪ ರೇಖೆಗಳನ್ನು ಮೂಡಿಸಲು ತಳಮಟ್ಟದಲ್ಲಿಯೇ ಸಿದ್ಧವಾಗಿ ನಿಂತಿರುತ್ತವೆ. 18 ಕೋಟಿಗೆ ಒಂದರಂತೆ ಮಾತ್ರ ಕೆಲಸಮಾಡಿಯೂ ಜಲಜನಕ ಸೂರ್ಯನಲ್ಲಿ ಸ್ಪಷ್ಟವಾದ ರೇಖೆಗಳನ್ನು ಮೂಡಿಸುತ್ತದೆಯಾದರೆ, ಅದರ ಒಟ್ಟು ಮೊತ್ತ ಎಷ್ಟಿರಬೇಕು?

ಪೇನ್ ಮಾಡಿದ್ದು ಈ ಬಗೆಯ ಲೆಕ್ಕವನ್ನೇ, ಆದರೆ ಹಲವು ಧಾತುಗಳಿಗೆ, ನಾನಾ ವರ್ಗದ ನಕ್ಷತ್ರಗಳಿಗೆ, ಹಾರ್ವರ್ಡಿನ ಫಲಕಗಳನ್ನು ಒಂದೊಂದಾಗಿ ಅಳೆದು. ಫಲ ಬೆರಗುಗೊಳಿಸುವಂತಿತ್ತು. ಉಳಿದ ಧಾತುಗಳ ಪ್ರಮಾಣ ನಕ್ಷತ್ರಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಜಲಜನಕವಾದರೋ ಲೋಹಗಳಿಗಿಂತ ಲಕ್ಷಗಟ್ಟಲೆ ಪಾಲು ಹೆಚ್ಚು. ಶೇಪ್ಲಿಯವರು ಈ ಪ್ರಬಂಧದ ಕರಡನ್ನು ಪ್ರಿನ್ಸ್‌ಟನ್ನಿನ ಹೆನ್ರಿ ನಾರಿಸ್ ರಸೆಲ್‌ರಿಗೆ ಕಳುಹಿಸಿದರು. ಆ ಕಾಲದ ಅಮೆರಿಕದಲ್ಲಿ ನಕ್ಷತ್ರ ವಿಜ್ಞಾನದ ಕೊನೆಯ ಮಾತು ರಸೆಲ್‌ರದು. ಜಲಜನಕ ಇಷ್ಟು ಇರುವುದು ಸಾಧ್ಯವೇ ಇಲ್ಲವೆಂದು 1925ರ ಜನವರಿಯಲ್ಲಿ ಅವರು ಬರೆದರು. ಪೇನ್ ತಮ್ಮ ಅಂಕಿಗಳನ್ನು ತೆಗೆದುಹಾಕಲಿಲ್ಲ. ಆದರೆ ಜಲಜನಕ, ಹೀಲಿಯಂಗಳಿಗೆ ಸಂಬಂಧಿಸಿದ ಆ ಫಲ ಹೆಚ್ಚುಕಡಿಮೆ ಖಚಿತವಾಗಿ ನಿಜವಲ್ಲವೆಂಬ ಮಾತನ್ನು ಸೇರಿಸಿ ಪ್ರಬಂಧವನ್ನು ಒಪ್ಪಿಸಿದರು. ನಾಲ್ಕು ವರ್ಷಗಳಾದ ಮೇಲೆ, 1929ರಲ್ಲಿ, ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದ ರಸೆಲ್‌ರು ಪೇನ್‌ರ ಫಲವನ್ನು ಹೆಸರಿಸಿ ಒಪ್ಪಿಕೊಂಡರು. ಲೋಕ ಮಾತ್ರ ಬಹುಕಾಲ ಆ ಶೋಧವನ್ನು ರಸೆಲ್‌ರದೆಂದೇ ಹೇಳಿತು.

ತಾನು ಕಂಡದ್ದನ್ನು ತಾನೇ ಅಲ್ಲಗಳೆದದ್ದೇಕೆ ಎಂದು ಓದುಗರು ಕೇಳಬಹುದು. ಧೈರ್ಯದ ಕೊರತೆ ಎಂದುಬಿಡುವುದು ಸುಲಭ. ಆದರೆ ಆಕೆಯ ನೆಲೆಯನ್ನು ನೋಡಬೇಕು. ಹಾರ್ವರ್ಡಿನ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರು ಹೆಂಗಸನ್ನು ಡಾಕ್ಟರೇಟಿಗೆ ಒಪ್ಪಲಾರೆನೆಂದಿದ್ದರಿಂದ, ಪದವಿಯನ್ನು ಹೆಣ್ಣುಮಕ್ಕಳ ಕಾಲೇಜಾದ ರ್‍ಯಾಡ್‌ಕ್ಲಿಫಿನಿಂದ ಖಗೋಳವಿಜ್ಞಾನದಲ್ಲಿ ಪಡೆಯಬೇಕಾಯಿತು. ಕೈಯಲ್ಲಿ ಹುದ್ದೆಯಿಲ್ಲ. ಮುಂದೆ ಉದ್ಯೋಗ ಸಿಗಬೇಕಾದರೆ ರಸೆಲ್‌ರಂಥವರ ಒಂದು ಒಳ್ಳೆಯ ಮಾತು ಬೇಕು. ಪೀಠದಲ್ಲಿ ಕುಳಿತವನು ತಪ್ಪು ಹೇಳಿದರೂ ಅದು ಅಭಿಪ್ರಾಯವೆನ್ನಿಸಿಕೊಳ್ಳುತ್ತದೆ; ಪೀಠವಿಲ್ಲದವಳು ಸರಿಯಾದುದನ್ನು ಹೇಳಿದರೂ ಅದು ಉದ್ಧಟತನವಾಗುತ್ತದೆ. ಹುದ್ದೆ, ಪದವಿ, ಸಂಬಳ ಇವು ವಿದ್ವತ್ತಿಗೆ ತೊಡಿಸುವ ಒಡವೆಗಳೆಂದು ನಾವು ಭಾವಿಸುತ್ತೇವೆ. ನಿಜವಾಗಿ ಅವು ದೂರದರ್ಶಕವನ್ನು ಹೊತ್ತಿರುವ ಕಂಬದಂತೆ. ಕಂಬ ಅಲುಗಿದರೆ ಮಸೂರ ಎಷ್ಟು ಉತ್ತಮವಾಗಿದ್ದರೇನು?

ಮುಂದೆ ನಡೆದದ್ದೂ ಇದೇ ರೀತಿ. 1927ರಿಂದ ಆಕೆ ಶೇಪ್ಲಿಯವರ ತಾಂತ್ರಿಕ ಸಹಾಯಕಿ. ಸಂಬಳವನ್ನು ಕೊಟ್ಟದ್ದು ವೇಧಶಾಲೆಯ ಸಲಕರಣೆಗಳ ಬಾಬಿನಿಂದ. ಪಾಠ ಹೇಳುತ್ತಿದ್ದರು, ಆದರೆ ಆ ಪಾಠಗಳು ವಿಶ್ವವಿದ್ಯಾನಿಲಯದ ಅಚ್ಚಾದ ಪಟ್ಟಿಯಲ್ಲಿ ಇರುತ್ತಿರಲಿಲ್ಲ. 1933ರವರೆಗೆ ಅಧ್ಯಕ್ಷರಾಗಿದ್ದ ಲೋವೆಲ್ ಅವರು, ತಾವು ಬದುಕಿರುವವರೆಗೆ ಮಿಸ್ ಪೇನ್‌ರಿಗೆ ವಿಶ್ವವಿದ್ಯಾನಿಲಯದಲ್ಲಿ ಹುದ್ದೆಯಿಲ್ಲವೆಂದು ಹೇಳಿದ್ದರಂತೆ. ಇದನ್ನು ಪೇನ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ರೋಹಿತಶಾಸ್ತ್ರದ ಕೆಲಸಕ್ಕೆ ಹೊರಗಿನಿಂದ ಬೇರೊಬ್ಬರನ್ನು ಕರೆಸಿ, ಆಕೆಯನ್ನು ನಕ್ಷತ್ರಗಳ ಪ್ರಕಾಶವನ್ನು ಅಳೆಯುವ ಕೆಲಸಕ್ಕೆ ತಿರುಗಿಸಿದರು. 1934ರಲ್ಲಿ ಸೆರ್ಗೈ ಗಪೋಷ್ಕಿನ್ ಎಂಬ ರಷ್ಯದ ಖಗೋಳಜ್ಞರನ್ನು ಮದುವೆಯಾಗಿ ಮೂವರು ಮಕ್ಕಳ ತಾಯಿಯಾದರು, ಸಂಶೋಧನೆ ನಿಲ್ಲಲಿಲ್ಲ. 1938ರಲ್ಲಿ ‘ಖಗೋಳಜ್ಞೆ’ ಎಂಬ ಹೆಸರು ದೊರೆಯಿತು. ಪಾಠಗಳು ಪಟ್ಟಿಯಲ್ಲಿ ಕಾಣಿಸಿಕೊಂಡದ್ದು 1945ರಲ್ಲಿ. 1956ರಲ್ಲಿ ಪ್ರಾಧ್ಯಾಪಕಿಯಾಗಿ, ಕೂಡಲೇ ವಿಭಾಗದ ಮುಖ್ಯಸ್ಥೆಯೂ ಆದರು. ಹಾರ್ವರ್ಡಿನಲ್ಲಿ ಒಳಗಿನಿಂದ ಬಡ್ತಿ ಪಡೆದು ಆ ಪದವಿಗೇರಿದ ಮೊದಲ ಮಹಿಳೆ ಆಕೆ. 1976ರಲ್ಲಿ ಅಮೆರಿಕದ ಖಗೋಳ ಸಂಘ ಆಕೆಗೆ ಕೊಟ್ಟ ಗೌರವದ ಹೆಸರು ಹೆನ್ರಿ ನಾರಿಸ್ ರಸೆಲ್ ಉಪನ್ಯಾಸ!

‘ಉನ್ನತ ಹುದ್ದೆಗಳಲ್ಲಿ ಹೆಂಗಸರು ವಿರಳ, ಆದ್ದರಿಂದ ಆ ಯೋಗ್ಯತೆಯ ಹೆಂಗಸರೇ ವಿರಳ’ ಎಂಬ ವಾದವನ್ನು ನಾವು ಆಗಾಗ ಕೇಳುತ್ತೇವೆ. ರೇಖೆ ಸಣ್ಣದು, ಆದ್ದರಿಂದ ಜಲಜನಕ ಕಡಿಮೆ ಎಂಬ ಹಳೆಯ ಖಗೋಳಜ್ಞರ ವಾದಕ್ಕೂ ಇದಕ್ಕೂ ತರ್ಕದಲ್ಲಿ ಭೇದವಿಲ್ಲ. ಮೇಲಿನ ಮಟ್ಟದಲ್ಲಿ ಎಷ್ಟು ಮಂದಿ ಕಾಣುತ್ತಾರೆ ಎಂಬುದನ್ನು ಎಣಿಸುವ ಮೊದಲು, ಆ ಮಟ್ಟಕ್ಕೆ ಏರಲು ಬೇಕಾದ ಶಕ್ತಿ ಎಷ್ಟು, ಸುತ್ತಲಿನ ಸ್ಥಿತಿ ಅದನ್ನು ಒದಗಿಸುತ್ತದೆಯೇ ಎಂದು ಕೇಳಬೇಕು. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ಬೇಡ. ಪರಮಾಣುಗಳಿಗೆ ಮನೆಗೆಲಸವಿಲ್ಲ, ಮೇಲಧಿಕಾರಿಯೂ ಇಲ್ಲ.

ಇದೆಲ್ಲ ಅಮೆರಿಕದ ಮಾತು, ನಮಗೇನು ಎನ್ನುವಂತಿಲ್ಲ. 1933ರಲ್ಲಿ ಕಮಲಾ ಭಾಗವತ್ ಎಂಬ ಮುಂಬಯಿಯ ಪದವೀಧರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಅರ್ಜಿ ಹಾಕಿದಾಗ, ನಿರ್ದೇಶಕರಾದ ಸರ್ ಸಿ. ವಿ. ರಾಮನ್ ಹೆಂಗಸೆಂಬ ಕಾರಣದಿಂದ ನಿರಾಕರಿಸಿದರು. ಆಕೆ ಪಟ್ಟುಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಮೇಲೆ, ಆಕೆಯ ಇರವಿನಿಂದ ಉಳಿದ ಸಂಶೋಧಕರ ಕೆಲಸ ಕೆಡಬಾರದೆಂಬ ಷರತ್ತನ್ನು ವಿಧಿಸಿ ಸೇರಿಸಿಕೊಂಡರು. ಆಕೆಯ ಕೆಲಸವನ್ನು ಕಂಡ ತರುವಾಯ ರಾಮನ್ನರು ಹೆಂಗಸರಿಗೆ ಪ್ರವೇಶ ಕೊಟ್ಟರೆಂಬುದನ್ನೂ ಹೇಳಬೇಕು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಈಕೆ 1939ರಲ್ಲಿ ಕೇಂಬ್ರಿಜ್ಜಿನಿಂದ ಪಿಎಚ್.ಡಿ. ಪಡೆದರು. 1940ರಲ್ಲಿ ರಾಮನ್ನರ ಪ್ರಯೋಗಶಾಲೆಗೆ ಬಂದ ಅನ್ನಾ ಮಣಿ ವಜ್ರ ಮತ್ತು ಮಾಣಿಕ್ಯಗಳ ಪ್ರತಿದೀಪ್ತಿಯ ವಿಷಯವಾಗಿ ಐದು ಲೇಖನಗಳನ್ನು ಒಬ್ಬರೇ ಬರೆದು, ಮಹಾಪ್ರಬಂಧವನ್ನೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಎಂ.ಎಸ್‌ಸಿ. ಇಲ್ಲವೆಂದು ಡಾಕ್ಟರೇಟ್ ಕೊಡಲಿಲ್ಲ. ಇಲ್ಲಿ ಹೆಂಗಸೆಂಬ ಮಾತು ಯಾವ ಕಾಗದದಲ್ಲಿಯೂ ಬರುವುದಿಲ್ಲ. ನಿಯಮ ನಿಯಮವೇ ಎನ್ನಬಹುದು. ಮಣಿಯವರು ಹವಾಮಾನ ಇಲಾಖೆಯನ್ನು ಸೇರಿ, ದೇಶದಲ್ಲಿಯೇ ಉಪಕರಣಗಳನ್ನು ತಯಾರಿಸುವ ಕಾರ್ಯವನ್ನು ಕಟ್ಟಿ ಬೆಳೆಸಿ, 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು.

ಬರೆದಿಟ್ಟ ನಿಷೇಧಗಳು ಈಗ ಇಲ್ಲ. ಬರೆಯದೆ ಉಳಿದವು ಇವೆ, ಅವು ಕಣ್ಣಿಗೆ ಬೀಳುವುದು ಅಂಕಿಗಳಲ್ಲಿ ಮಾತ್ರ. ವಿಜ್ಞಾನಿಗಳಿಗೆ ನಮ್ಮ ದೇಶ ಕೊಡುತ್ತಿದ್ದ ಶಾಂತಿಸ್ವರೂಪ ಭಟ್ನಾಗರ್ ಬಹುಮಾನ 1958ರಲ್ಲಿ ಆರಂಭವಾಯಿತು. ಭೌತವಿಜ್ಞಾನದ ವಿಭಾಗದಲ್ಲಿ ಅದನ್ನು ಮೊಟ್ಟಮೊದಲು ಒಬ್ಬ ಮಹಿಳೆ ಪಡೆದದ್ದು 2018ರಲ್ಲಿ, ಅದಿತಿ ಸೇನ್ ದೇ. ಈ ಬಹುಮಾನಕ್ಕೆ 45 ವರ್ಷದ ಮಿತಿಯಿತ್ತು. ಎಲ್ಲರಿಗೂ ಒಂದೇ ಮಿತಿ ಎಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಆ ವಯಸ್ಸಿನ ಹಿಂದಿನ ಹದಿನೈದು ವರ್ಷಗಳಲ್ಲಿಯೇ ಹೆರಿಗೆ, ಮಕ್ಕಳ ಪಾಲನೆ, ಗಂಡನ ಊರಿಗೆ ವರ್ಗ ಎಲ್ಲವೂ ಬರುತ್ತವೆ. ಅವುಗಳ ಭಾರ ಇಬ್ಬರ ಹೆಗಲಿಗೂ ಸಮನಾಗಿ ಬೀಳುವುದಿಲ್ಲ. ಪೇನ್‌ರ ಪಾಠಗಳು ಹಾರ್ವರ್ಡಿನ ಪಟ್ಟಿಯಲ್ಲಿ ಮೊದಲು ಅಚ್ಚಾದ ವರ್ಷ ಆಕೆಗೆ 45 ತುಂಬಿತ್ತು.