‘ಐರ್’ ಮತ್ತು ‘ಐಸ್’: ಇವು ನೆಂಟರೇ?

ಮಕ್ಕಳೇ, ಯೂರೋಪಿನ ಪಶ್ಚಿಮ ಅಂಚಿನಲ್ಲಿ ಐರ್ಲೆಂಡ್ ಎಂಬ ದ್ವೀಪವಿದೆ. ಅಲ್ಲಿನ ಐರಿಷ್ ಭಾಷೆಯಲ್ಲಿ ಮಂಜುಗಡ್ಡೆಗೆ ‘ಐರ್’ ಎಂಬ ಪದವಿದೆ. ಇಂಗ್ಲಿಷಿನಲ್ಲಿ ‘ಐಸ್’. ಎರಡೂ ಒಂದೇ ಮೂಲದವು ಎನಿಸುತ್ತದೆ ಅಲ್ಲವೇ? ಆದರೆ ಅವು ನೆಂಟರಲ್ಲ! ಐರ್ಲೆಂಡ್ ಎಂಬ ಹೆಸರಿಗೂ ಈ ಪದಕ್ಕೂ ಸಂಬಂಧವಿಲ್ಲ.

ಇದನ್ನು ತಿಳಿಯುವುದು ಹೇಗೆ? ಪದದ ಹಳೆಯ ರೂಪವನ್ನು ನೋಡಬೇಕು. ‘ಹಾಲು’ ಮತ್ತು ತಮಿಳಿನ ‘ಪಾಲ್’ ನೆಂಟರೆಂದು ಹೇಗೆ ಗೊತ್ತು? ಹಳಗನ್ನಡದಲ್ಲೂ ‘ಪಾಲ್’ ಎಂದೇ ಇತ್ತು. ಹುಲಿ-ಪುಲಿ, ಹಲ್ಲು-ಪಲ್ ಜೋಡಿಗಳಲ್ಲೂ ಅದೇ ಬದಲಾವಣೆ ಕಾಣುತ್ತದೆ.

ಪದದ ಹುಟ್ಟು

ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಐರಿಷ್‌ನಲ್ಲಿ ಮಂಜುಗಡ್ಡೆಗೆ ‘ಐಗ್’ ಎನ್ನುತ್ತಿದ್ದರು. ಅದರಿಂದ ‘ಐಗ್ರೆದ್’ ಎಂಬ ಪದವಾಯಿತು. ಮುಂದೆ ‘ಗ್’ ಧ್ವನಿ ಸವೆದು ‘ಐರ್’ ಉಳಿಯಿತು. ಆದರೆ ಬರೆಯುವಾಗ ‘ಗ್’ ಸೂಚಿಸುವ ಅಕ್ಷರವನ್ನು ಇಂದಿಗೂ ಬಿಟ್ಟಿಲ್ಲ!

‘ಐಗ್’ಗೂ ಹಿಂದೆ ‘ಯೆಗ್’ ಎಂಬ ಮೂಲವಿತ್ತು ಎಂದು ಭಾಷಾವಿಜ್ಞಾನಿಗಳು ಊಹಿಸಿದ್ದಾರೆ. ಐರಿಷ್‌ನಲ್ಲಿ ಮೊದಲಿನ ‘ಯ್’ ಬಿದ್ದುಹೋಯಿತು. ವೇಲ್ಸ್ ನಾಡಿನ ಭಾಷೆಯಲ್ಲಿ ‘ಯ್’ ಉಳಿದು, ‘ಗ್’ ಬಿದ್ದು ‘ಯಾ’ ಆಯಿತು. ಐಸ್‌ಲೆಂಡಿನಲ್ಲಿ ಹಿಮನದಿಗೆ ‘ಯೋಕುಲ್’ ಎನ್ನುತ್ತಾರೆ. ಅಲ್ಲಿ ‘ಗ್’ ‘ಕ್’ ಆಗಿದೆ. ಕೇಳಲು ಬೇರೆ ಬೇರೆಯಾದರೂ ಇವು ಒಂದೇ ಮನೆಯ ಮಕ್ಕಳು.

ಚಳಿನಾಡಿನಲ್ಲಿ ಸೂರಿನಿಂದ ಇಳಿಬೀಳುವ ಮಂಜಿನ ಕಡ್ಡಿಗೆ ಇಂಗ್ಲಿಷಿನಲ್ಲಿ ‘ಐಸಿಕಲ್’ ಎನ್ನುತ್ತಾರೆ. ಅದರ ಕೊನೆಯ ಭಾಗವೂ ‘ಯೆಗ್’ ಮೂಲದ್ದೇ. ಹಾಗಾಗಿ ಆ ಒಂದೇ ಪದದಲ್ಲಿ ಮಂಜುಗಡ್ಡೆ ಎರಡು ಬಾರಿ ಬಂದಿದೆ!

ಸ್ವಲ್ಪ ವ್ಯಾಕರಣ

ಐರಿಷ್‌ನಲ್ಲಿ ನಾಮಪದಗಳಿಗೆ ಎರಡೇ ಲಿಂಗ. ‘ಐರ್’ ಪುಲ್ಲಿಂಗ. ದಿನಬಳಕೆಯಲ್ಲಿ ಮಂಜುಗಡ್ಡೆಗೆ ‘ಲ್ಯಾಕ್ ಐರ್’ ಎನ್ನುವುದೂ ಉಂಟು. ‘ಲ್ಯಾಕ್’ ಎಂದರೆ ಚಪ್ಪಡಿ, ಅದು ಸ್ತ್ರೀಲಿಂಗ. ಒಟ್ಟಿನಲ್ಲಿ ‘ಮಂಜಿನ ಚಪ್ಪಡಿ’ ಎಂದರ್ಥ. ನಮ್ಮ ‘ಮಂಜುಗಡ್ಡೆ’ಯನ್ನೂ ಬಿಡಿಸಿ ನೋಡಿ: ಮಂಜು, ಗಡ್ಡೆ!

ಕನ್ನಡದಲ್ಲಿ ‘ಮಂಜಿನ’ ಎನ್ನಲು ‘ಇನ’ ಸೇರಿಸುತ್ತೇವೆ. ಐರಿಷ್‌ನಲ್ಲಿ ‘ಐರ್’ ಪದಕ್ಕೆ ಏನನ್ನೂ ಸೇರಿಸುವುದಿಲ್ಲ. ಅದರ ಕೊನೆಯ ‘ರ್’ ಮೃದುವಾಗುತ್ತದೆ, ಬರವಣಿಗೆಯಲ್ಲಿ ಅದರ ಹಿಂದಿನ ಸ್ವರ ಬದಲಾಗುತ್ತದೆ. ಪದಗಳ ಕ್ರಮವೂ ತಿರುಗುಮುರುಗು: ಮೊದಲು ‘ಚಪ್ಪಡಿ’, ಆಮೇಲೆ ‘ಮಂಜಿನ’. ಹಾಗೆಯೇ ‘ಕ್ನೊಕ್’ ಎಂದರೆ ಗುಡ್ಡ. ‘ಕ್ನೊಕ್ ಐರ್’ ಎಂದರೆ ಕಡಲಲ್ಲಿ ತೇಲುವ ಮಂಜಿನ ಗುಡ್ಡ.

ನೋಡಿದಿರಾ? ಧ್ವನಿ ಹೋಲುತ್ತದೆ ಎಂದ ಮಾತ್ರಕ್ಕೆ ಪದಗಳು ನೆಂಟರಾಗುವುದಿಲ್ಲ. ವಿಜ್ಞಾನದಂತೆ ಇಲ್ಲಿಯೂ ಪುರಾವೆ ಬೇಕು.

ಮಾಡಿ ನೋಡಿ: ‘ಹ’ಕಾರದಿಂದ ಆರಂಭವಾಗುವ ಐದು ಕನ್ನಡ ಪದಗಳನ್ನು ಬರೆಯಿರಿ. ತಮಿಳು ಅಥವಾ ತುಳು ಬಲ್ಲವರನ್ನು ಕೇಳಿ. ಎಷ್ಟು ಪದಗಳಲ್ಲಿ ‘ಹ’ ಇದ್ದಲ್ಲಿ ‘ಪ’ ಸಿಕ್ಕಿತು?